ಪ್ರೊಸೆಸರ್ ವೇಗ ಏರುವುದೇ ಇಲ್ಲ: ಲಿನಕ್ಸ್ ಕರ್ನಲ್‌ನಲ್ಲಿ ದೋಷ ಹುಡುಕುವ ಬಗೆ

ಮೆಷಿನ್ ಚೆನ್ನಾಗಿದೆ, ಫ್ಯಾನ್ ಸುಮ್ಮನಿದೆ, ಬಿಸಿಯೂ ಆಗಿಲ್ಲ. ಆದರೂ ನಿನ್ನೆಯ ಕೆಲಸಕ್ಕೆ ಇವತ್ತು ಎರಡರಷ್ಟು ಹೊತ್ತು ಹಿಡಿಯುತ್ತಿದೆ. ನೋಡಿದರೆ ಪ್ರೊಸೆಸರ್ 800 ಮೆಗಾಹರ್ಟ್ಸ್‌ನಲ್ಲೇ ಕೂತಿದೆ. ಕೆಲವೊಮ್ಮೆ ಇದು ಉಲ್ಟಾ: ಏನೂ ಕೆಲಸವಿಲ್ಲದಾಗಲೂ ವೇಗ ತುದಿಯಲ್ಲೇ ನಿಂತು ಬ್ಯಾಟರಿ ಖಾಲಿಯಾಗುತ್ತದೆ. ಎರಡನ್ನೂ ಹುಡುಕುವ ದಾರಿ ಒಂದೇ.

ವೇಗ ಬದಲಿಸುವ ಕೆಲಸ ಒಬ್ಬರದ್ದಲ್ಲ. ಒಂದೊಂದು ಕೋರ್ ಮೇಲೆ ಎಷ್ಟು ಲೋಡ್ ಇದೆ ಎಂದು ಶೆಡ್ಯೂಲರ್ (ಯಾವ ಪ್ರೋಗ್ರಾಮ್ ಯಾವಾಗ ಓಡಬೇಕು ಎಂದು ನೋಡುವ ಕರ್ನಲ್ ಭಾಗ) ಲೆಕ್ಕ ಹಾಕುತ್ತದೆ. ಆ ಲೆಕ್ಕ ನೋಡಿ ಗವರ್ನರ್ ಇಷ್ಟು ವೇಗ ಬೇಕು ಎನ್ನುತ್ತದೆ. ನಡುವೆ ಇರುವ ಸಿಪಿಯುಫ್ರೀಕ್ ಪದರ ಆ ಬೇಡಿಕೆಯನ್ನು ಪಾಲಿಸಿಯ (ಒಟ್ಟಿಗೆ ವೇಗ ಬದಲಿಸುವ ಕೋರ್‌ಗಳ ಗುಂಪಿನ) ಮಿತಿಯೊಳಗೆ ತರುತ್ತದೆ. ಡ್ರೈವರ್ ಅದನ್ನು ಹಾರ್ಡ್‌ವೇರ್‌ಗೆ ಮುಟ್ಟಿಸುತ್ತದೆ. ಕೊಡುವುದೋ ಬಿಡುವುದೋ ಎಂಬ ಕೊನೆಯ ತೀರ್ಮಾನ ಫರ್ಮ್‌ವೇರ್ ಮತ್ತು ಚಿಪ್‌ನದ್ದು. ಹಾಗಾಗಿ ನಾವು ಹುಡುಕಬೇಕಾದ್ದು ಮೂರು ಉತ್ತರ: ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಯಾವ ಕೈ ದಾಟುವಾಗ ಸಂಖ್ಯೆ ಬದಲಾಯಿತು. ಇದು ಗೊತ್ತಾಗುವ ಮೊದಲು ಕೋಡ್ ತೆರೆದರೆ ದಿನಗಟ್ಟಲೆ ತಪ್ಪು ಫೈಲ್ ಓದುತ್ತೀರಿ.

ಮೊದಲು, ಅಳತೆ ಸರಿ ಇದೆಯಾ?

ವೇಗದ ಬಗ್ಗೆ ಬರುವ ದೂರುಗಳಲ್ಲಿ ಎಷ್ಟೋ ದೂರುಗಳು ಅಳತೆಯಲ್ಲೇ ಮುಗಿದುಹೋಗುತ್ತವೆ. ಸಿಪಿಯುಫ್ರೀಕ್‌ನ ಫೈಲ್‌ಗಳು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಂತೆ ತೋರಿಸುವ ಜಾಗ) ಸಿಗುತ್ತವೆ: /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯುಫ್ರೀಕ್/ಪಾಲಿಸಿ0, ಪಾಲಿಸಿ1, ಹೀಗೆ. ಅಲ್ಲಿನ ಸಂಖ್ಯೆಗಳೆಲ್ಲ ಕಿಲೋಹರ್ಟ್ಸ್‌ನಲ್ಲಿವೆ. 3600000 ಎಂದರೆ 3.6 ಗಿಗಾಹರ್ಟ್ಸ್.

ಆ ಜಾಗದಲ್ಲಿ ಸ್ಕೇಲಿಂಗ್_ಕರ್_ಫ್ರೀಕ್ ಎಂಬ ಫೈಲ್ ಇದೆ. ಎಲ್ಲರೂ ಮೊದಲು ನೋಡುವುದು ಇದನ್ನೇ. ಆದರೆ ಅದು ಹೇಳುವ ಮಾತಿನ ಅರ್ಥ ಎಲ್ಲ ಮೆಷಿನ್‌ಗಳಲ್ಲೂ ಒಂದೇ ಅಲ್ಲ. ಬಹಳಷ್ಟು ಆರ್ಮ್ ಬೋರ್ಡ್‌ಗಳಲ್ಲಿ ಅದು ಕರ್ನಲ್ ಕೊನೆಯದಾಗಿ ಕೇಳಿದ ವೇಗ. ಚಿಪ್ ನಿಜವಾಗಿ ಅಷ್ಟರಲ್ಲಿ ಓಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಕ್ಸ್86ರಲ್ಲಿ (ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ) 4.13ನೇ ಕರ್ನಲ್‌ನಿಂದ ಈಚೆಗೆ ಅದು ಎಪರ್ಫ್ ಮತ್ತು ಎಂಪರ್ಫ್ ಎಂಬ ಎರಡು ಕೌಂಟರ್‌ಗಳಿಂದ ಬರುತ್ತದೆ.

ಈ ಎರಡು ಕೌಂಟರ್‌ಗಳನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಎಂಪರ್ಫ್ ಒಂದೇ ಸ್ಥಿರ ವೇಗದಲ್ಲಿ, ಅಂದರೆ ಬೇಸ್ ವೇಗದಲ್ಲಿ, ಏರುತ್ತದೆ. ಎಪರ್ಫ್ ಕೋರ್ ಓಡುವ ನಿಜವಾದ ವೇಗದಲ್ಲಿ ಏರುತ್ತದೆ. ಕೋರ್ ನಿದ್ದೆಗೆ ಹೋದಾಗ ಎರಡೂ ನಿಲ್ಲುತ್ತವೆ. ಎಂಪರ್ಫ್ 1000 ಏರುವಷ್ಟರಲ್ಲಿ ಎಪರ್ಫ್ 1500 ಏರಿದ್ದು, ಬೇಸ್ ವೇಗ 2 ಗಿಗಾಹರ್ಟ್ಸ್ ಇದ್ದರೆ, ಕೋರ್ ಓಡಿದ್ದು 3 ಗಿಗಾಹರ್ಟ್ಸ್‌ನಲ್ಲಿ. ಟರ್ಬೋಸ್ಟ್ಯಾಟ್ ಎಂಬ ಟೂಲ್ ಇದೇ ಲೆಕ್ಕವನ್ನು ಬಿಝಿ_ಮೆಗಾಹರ್ಟ್ಸ್ ಕಾಲಮ್‌ನಲ್ಲಿ ತೋರಿಸುತ್ತದೆ. ಪಕ್ಕದ ಆವರೇಜ್_ಮೆಗಾಹರ್ಟ್ಸ್ ಕಾಲಮ್‌ನಲ್ಲಿ ನಿದ್ದೆಯ ಸಮಯವೂ ಸೇರಿದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಎಚ್ಚರ ಇರುವ ಕೋರ್ 4 ಗಿಗಾಹರ್ಟ್ಸ್‌ನಲ್ಲಿ ಓಡಿದರೂ ಅಲ್ಲಿ 400 ಎಂದೇ ಕಾಣುತ್ತದೆ. ಅದನ್ನು ನೋಡಿ ವೇಗ ಬಿದ್ದಿದೆ ಎಂದು ದೂರು ಬರೆಯುವುದು ಬೇಡ.

ಸುಮ್ನೆ ಕೂತ ಕೋರ್‌ನ ವೇಗ ಅಳೆಯುವುದರಲ್ಲೂ ಅರ್ಥವಿಲ್ಲ. ಟಾಸ್ಕ್‌ಸೆಟ್ ಬಳಸಿ ಒಂದು ಕೋರ್ ಮೇಲೆ ಲೆಕ್ಕದ ಲೂಪ್ ಒಂದನ್ನು ಕಟ್ಟಿಹಾಕಿ, ಅದು ಓಡುತ್ತಿರುವಾಗ ಅದೇ ಕೋರ್ ನೋಡಿ. ಲೂಪ್ ಮೆಮೊರಿ ಕಡೆ ಹೋಗದ ಹಾಗೆ ಇರಲಿ. ಮೆಮೊರಿಗಾಗಿ ಕಾಯುವ ಪ್ರೋಗ್ರಾಮ್‌ಗೆ ಕೋರ್ ವೇಗ ಏರಿದರೂ ಹೆಚ್ಚು ಲಾಭ ಸಿಗುವುದಿಲ್ಲ.

ಟರ್ಬೋಸ್ಟ್ಯಾಟ್ ಇಲ್ಲದ ಬೋರ್ಡ್‌ಗಳಲ್ಲಿ ಪರ್ಫ್ ಸ್ಟ್ಯಾಟ್ ಇದೆ. ಲೂಪ್ ಓಡಲು ಬಳಸಿದ ಸೈಕಲ್‌ಗಳನ್ನು ಅದು ಓಡಿದ ಸಮಯದಿಂದ ಭಾಗಿಸಿದರೆ ನಿಜವಾದ ವೇಗ ಬರುತ್ತದೆ. ಈ ಲೆಕ್ಕ ಡ್ರೈವರ್‌ನ ಮಾತನ್ನು ನಂಬಿ ಕೂರುವುದಿಲ್ಲ. ಹಾಗಾಗಿ ಡ್ರೈವರ್ ಮೇಲೇ ಅನುಮಾನ ಇದ್ದಾಗ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಯಾವ ಡ್ರೈವರ್ ಕೂತಿದೆ?

ಸ್ಕೇಲಿಂಗ್_ಡ್ರೈವರ್ ಫೈಲ್ ಓದಿ. ಇಂಟೆಲ್‌ನಲ್ಲಿ ಇಂಟೆಲ್_ಪಿಸ್ಟೇಟ್ ಅಥವಾ ಇಂಟೆಲ್_ಸಿಪಿಯುಫ್ರೀಕ್, ಎಎಂಡಿಯಲ್ಲಿ ಎಎಂಡಿ-ಪಿಸ್ಟೇಟ್ ಅಥವಾ ಎಎಂಡಿ-ಪಿಸ್ಟೇಟ್-ಇಪಿಪಿ, ಹಳೆಯ ಮೆಷಿನ್‌ಗಳಲ್ಲಿ ಎಸಿಪಿಐ-ಸಿಪಿಯುಫ್ರೀಕ್, ಹಲವು ಆರ್ಮ್ ಬೋರ್ಡ್‌ಗಳಲ್ಲಿ ಸಿಪಿಯುಫ್ರೀಕ್-ಡಿಟಿ. ಪಾಲಿಸಿ ಡೈರೆಕ್ಟರಿಯೇ ಇಲ್ಲದಿದ್ದರೆ ಮೊದಲು ವರ್ಚುವಲ್ ಮೆಷಿನ್ ಒಳಗೆ ಇದ್ದೀರಾ ನೋಡಿಕೊಳ್ಳಿ. ಅಲ್ಲಿ ವೇಗ ಹೋಸ್ಟ್‌ನ ಕೈಯಲ್ಲಿರುತ್ತದೆ. ಗೆಸ್ಟ್ ಒಳಗೆ ಹುಡುಕಿ ಸಿಗುವುದು ಏನೂ ಇಲ್ಲ.

ಇಲ್ಲಿ ಎರಡು ಕಡೆ ಜನ ಜಾಸ್ತಿ ಎಡವುತ್ತಾರೆ. ಒಂದು, ಇಂಟೆಲ್_ಪಿಸ್ಟೇಟ್ ಆಕ್ಟಿವ್ ಮೋಡ್‌ನಲ್ಲಿ (ವೇಗವನ್ನು ಡ್ರೈವರ್ ತಾನೇ ನೋಡಿಕೊಳ್ಳುವ ಬಗೆ) ಇದ್ದಾಗ ಗವರ್ನರ್ ಹೆಸರು ಪವರ್‌ಸೇವ್ ಎಂದು ಕಾಣುತ್ತದೆ. ಬೇರೆ ಹೆಚ್ಚಿನ ಡ್ರೈವರ್‌ಗಳಲ್ಲಿ ಪವರ್‌ಸೇವ್ ಎಂದರೆ ವೇಗವನ್ನು ತಳದಲ್ಲೇ ಹಿಡಿದಿಡುವುದು. ಇಂಟೆಲ್_ಪಿಸ್ಟೇಟ್‌ನಲ್ಲಿ ಹಾಗಲ್ಲ, ಅದು ಲೋಡ್ ನೋಡಿ ಏರುತ್ತದೆ, ಇಳಿಯುತ್ತದೆ. ಹೆಸರು ನೋಡಿ ಗಾಬರಿಯಾಗಬೇಡಿ. ಇನ್ನೊಂದು, ಎಎಂಡಿ-ಪಿಸ್ಟೇಟ್ ಕೆಲಸ ಮಾಡಬೇಕಾದರೆ ಫರ್ಮ್‌ವೇರ್ ಸಿಪಿಪಿಸಿ ಮಾಹಿತಿ (ಚಿಪ್ ಕೊಡಬಲ್ಲ ವೇಗದ ವಿವರ) ಕೊಡಬೇಕು. ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದ್ದರೆ ಕರ್ನಲ್ ತಣ್ಣಗೆ ಎಸಿಪಿಐ-ಸಿಪಿಯುಫ್ರೀಕ್‌ಗೆ ಹಿಂದಿರುಗುತ್ತದೆ. ಆಗ ವೇಗದ ಮೆಟ್ಟಿಲುಗಳು ಬೆರಳೆಣಿಕೆಯಷ್ಟು. ಗರಿಷ್ಠ ವೇಗದ ಜಾಗದಲ್ಲಿ ಬೂಸ್ಟ್ (ಸ್ವಲ್ಪ ಹೊತ್ತು ಸಿಗುವ ಹೆಚ್ಚುವರಿ ವೇಗ) ಸೇರಿಸದ ಸಂಖ್ಯೆ ಕಾಣುವುದೂ ಉಂಟು. ಡಿಮೆಸೆಜ್‌ನಲ್ಲಿ (ಕರ್ನಲ್‌ನ ಲಾಗ್) ಸಿಪಿಸಿ ಆಬ್ಜೆಕ್ಟ್, ಅಂದರೆ ಆ ಸಿಪಿಪಿಸಿ ಮಾಹಿತಿ, ಇಲ್ಲ ಎಂಬ ಸಾಲು ಇದ್ದರೆ ಕಾರಣ ಅಲ್ಲೇ ಇದೆ.

ಬರೆದು ನೋಡಿ, ಮತ್ತೆ ಓದಿ ನೋಡಿ

ಮಿತಿಗಳನ್ನು ಪರೀಕ್ಷಿಸಲು ನಾನು ಯಾವಾಗಲೂ ಮಾಡುವ ಕೆಲಸ ಇದು. ಸಿಪಿಯುಇನ್ಫೋ_ಮ್ಯಾಕ್ಸ್_ಫ್ರೀಕ್ ಫೈಲ್‌ನಲ್ಲಿರುವ ಸಂಖ್ಯೆಯನ್ನು ಸ್ಕೇಲಿಂಗ್_ಮ್ಯಾಕ್ಸ್_ಫ್ರೀಕ್‌ಗೆ ಬರೆಯಿರಿ. ಆಮೇಲೆ ಅದನ್ನೇ ಓದಿ. ಬರೆದದ್ದು 3600000, ಓದಿದಾಗ ಬಂದದ್ದು 1800000 ಆದರೆ ಬೇರೆ ಯಾರೋ ಮೇಲ್ಮಿತಿ ಹಿಡಿದಿದ್ದಾರೆ ಎಂದರ್ಥ. ನೀವು ಬರೆಯುವುದು ನಿಮ್ಮ ಒಬ್ಬರ ಬೇಡಿಕೆ. ಓದುವಾಗ ಬರುವುದು ಎಲ್ಲರ ಬೇಡಿಕೆ ಸೇರಿಸಿ ಉಳಿದ ಮಿತಿ.

ಹೀಗೆ ಮಿತಿ ಹಾಕುವವರು ಯಾರು ಯಾರು? ಬಿಸಿ ತಡೆಯುವ ಥರ್ಮಲ್ ಪದರ ಒಂದು. /ಸಿಸ್/ಕ್ಲಾಸ್/ಥರ್ಮಲ್ ಕೆಳಗೆ ಪ್ರೊಸೆಸರ್‌ಗೆ ಸೇರಿದ ಕೂಲಿಂಗ್_ಡಿವೈಸ್‌ಗಳ ಕರ್_ಸ್ಟೇಟ್ ಸೊನ್ನೆಗಿಂತ ಜಾಸ್ತಿ ಇದ್ದರೆ ಅದು ಈಗ ವೇಗ ಕಡಿತ ಮಾಡುತ್ತಿದೆ. ಎಸಿಪಿಐನ ಪಿಪಿಸಿ ಇನ್ನೊಂದು. ಇದು ಫರ್ಮ್‌ವೇರ್ ಕರ್ನಲ್‌ಗೆ ಹೇಳುವ ಮೇಲ್ಮಿತಿ. ಎಸಿಪಿಐ-ಸಿಪಿಯುಫ್ರೀಕ್ ಇದ್ದಾಗ ಬಯಾಸ್_ಲಿಮಿಟ್ ಫೈಲ್‌ನಲ್ಲಿ ಕಾಣುತ್ತದೆ. ಪ್ರಯೋಗಕ್ಕೆ ಮಾತ್ರ, ಪ್ರೊಸೆಸರ್.ಇಗ್ನೋರ್_ಪಿಪಿಸಿ=1 ಎಂದು ಬೂಟ್ ಸಾಲಿಗೆ ಸೇರಿಸಿ ನೋಡಬಹುದು. ಇಂಟೆಲ್‌ನಲ್ಲಿ ನೋ_ಟರ್ಬೋ, ಮ್ಯಾಕ್ಸ್_ಪರ್ಫ್_ಪಿಸಿಟಿ ಫೈಲ್‌ಗಳನ್ನೂ ನೋಡಿ. ಟಿಎಲ್‌ಪಿ, ಟ್ಯೂನ್ಡ್, ಪವರ್-ಪ್ರೊಫೈಲ್ಸ್-ಡೀಮನ್, ಥರ್ಮಲ್‌ಡಿ ಎಂಬ ಪವರ್ ನೋಡಿಕೊಳ್ಳುವ ಪ್ರೋಗ್ರಾಮ್‌ಗಳಲ್ಲಿ ಯಾವುದಾದರೂ ಓಡುತ್ತಿದ್ದರೆ ಪರೀಕ್ಷೆ ಮುಗಿಯುವ ತನಕ ನಿಲ್ಲಿಸಿ. ಇವು ನೀವು ಬರೆದ ಸಂಖ್ಯೆಯನ್ನು ಹಿಂದಿನಿಂದ ಬಂದು ಬದಲಿಸುತ್ತವೆ.

ಎಲ್ಲ ನೋಡಿದರೂ ಯಾರೆಂದು ಗೊತ್ತಾಗದಿದ್ದರೆ ಎಫ್‌ಟ್ರೇಸ್ (ಕರ್ನಲ್ ಒಳಗೆ ನಡೆಯುವುದನ್ನು ದಾಖಲಿಸುವ ಸೌಲಭ್ಯ) ಬೇಕು. ಪವರ್ ಗುಂಪಿನಲ್ಲಿ ಸಿಪಿಯು_ಫ್ರೀಕ್ವೆನ್ಸಿ_ಲಿಮಿಟ್ಸ್ ಎಂಬ ಟ್ರೇಸ್‌ಪಾಯಿಂಟ್ ಇದೆ. ಮಿತಿ ಯಾವಾಗ, ಎಷ್ಟಕ್ಕೆ ಬದಲಾಯಿತು ಎಂದು ಅದು ಹೇಳುತ್ತದೆ. ಅದಕ್ಕೆ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಸೇರಿಸಿದರೆ ಯಾರು ಬದಲಿಸಿದರು ಎಂದೂ ಸಿಗಬೇಕಲ್ವಾ? ಸಿಗುವುದಿಲ್ಲ. ಮಿತಿ ಬದಲಾದ ಸುದ್ದಿ ಬಂದ ಮೇಲೆ ನಿಜವಾದ ಬದಲಾವಣೆ ಒಂದು ವರ್ಕ್‌ಕ್ಯೂ (ಆಮೇಲೆ ಮಾಡಬೇಕಾದ ಕೆಲಸಗಳ ಸಾಲು) ಮೂಲಕ ನಡೆಯುತ್ತದೆ. ಸ್ಟ್ಯಾಕ್‌ನಲ್ಲಿ ಆ ಸಾಲಿನ ಕೆಲಸ ಮಾಡುವ ಕೆವರ್ಕರ್ ಬಿಟ್ಟು ಬೇರೇನೂ ಇರುವುದಿಲ್ಲ. ಅದರ ಬದಲು ಫ್ರೀಕ್_ಕ್ಯೂಒಎಸ್_ಅಪ್‌ಡೇಟ್_ರಿಕ್ವೆಸ್ಟ್ ಎಂಬ ಫಂಕ್ಷನ್ ಮೇಲೆ ಟ್ರೇಸ್ ಹಾಕಿ, ಅಲ್ಲಿ ಸ್ಟ್ಯಾಕ್ ತೆಗೆಯಿರಿ. ಥರ್ಮಲ್, ಪಿಪಿಸಿ, ಸಿಸ್‌ಎಫ್‌ಎಸ್‌ಗೆ ಬರೆಯುವವರು ಎಲ್ಲರೂ ಆ ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ಕರೆದವರ ಹೆಸರು ಅಲ್ಲಿ ನೇರವಾಗಿ ಸಿಗುತ್ತದೆ. ಥರ್ಮಲ್ ಡ್ರೈವರ್ ಒಂದು ಮಿತಿ ಹಾಕಿ, ತಣ್ಣಗಾದ ಮೇಲೆ ತೆಗೆಯಲು ಮರೆತ ದೋಷಗಳು ಈ ಜಾಗದಲ್ಲೇ ಸಿಕ್ಕಿಬೀಳುತ್ತವೆ: ಇಳಿಸುವ ಕರೆ ಕಾಣುತ್ತದೆ, ಏರಿಸುವ ಕರೆ ಬರುವುದೇ ಇಲ್ಲ.

ಕರ್ನಲ್ ಸರಿಯಾಗಿ ಕೇಳಿದರೂ ಚಿಪ್ ಕೊಡದಿದ್ದಾಗ

ಮಿತಿ ಪೂರ್ತಿ ತೆರೆದಿದೆ, ಗವರ್ನರ್ ಪರ್ಫಾರ್ಮೆನ್ಸ್ ಇದೆ, ಆದರೂ ಬಿಝಿ_ಮೆಗಾಹರ್ಟ್ಸ್ ತಳದಲ್ಲೇ ಇದೆ. ಆಗ ಕರ್ನಲ್ ಕೋಡ್ ಮುಟ್ಟುವ ಮೊದಲು ಹಾರ್ಡ್‌ವೇರ್ ನೋಡಿ.

ಇಂಟೆಲ್‌ನಲ್ಲಿ ಪ್ರತಿ ಸಿಪಿಯು ಕೆಳಗೂ ಥರ್ಮಲ್_ಥ್ರಾಟಲ್ ಡೈರೆಕ್ಟರಿ ಇದೆ. ಕೋರ್_ಥ್ರಾಟಲ್_ಕೌಂಟ್, ಪ್ಯಾಕೇಜ್_ಥ್ರಾಟಲ್_ಕೌಂಟ್ ಏರುತ್ತಿದ್ದರೆ ಬಿಸಿಯೇ ಕಾರಣ. ಪೇಸ್ಟ್, ಫ್ಯಾನ್, ಧೂಳು ನೋಡಿ. ಪವರ್ ಮಿತಿಗಳನ್ನು /ಸಿಸ್/ಕ್ಲಾಸ್/ಪವರ್‌ಕ್ಯಾಪ್ ಕೆಳಗೆ ಓದಬಹುದು. ಮೊದಲ ಕೆಲವು ಸೆಕೆಂಡ್ ಚೆನ್ನಾಗಿ ಓಡಿ ಆಮೇಲೆ ಒಂದು ಮಟ್ಟಕ್ಕೆ ಇಳಿದು ನಿಂತರೆ ಅದು ಸಾಮಾನ್ಯವಾಗಿ ದೀರ್ಘಾವಧಿ ಪವರ್ ಮಿತಿ. ದೋಷ ಅಲ್ಲ, ವಿನ್ಯಾಸವೇ ಹಾಗೆ.

ನಿಜವಾಗಿ ತಲೆ ಕೆಡಿಸುವುದು ಬಿ.ಡಿ. (ಬೈಡೈರೆಕ್ಷನಲ್, ಅಂದರೆ ಎರಡೂ ದಿಕ್ಕಿನ) ಪ್ರೊಕ್‌ಹಾಟ್. ಚಿಪ್ ತಾನು ಬಿಸಿಯಾದಾಗ ಹೊರಗೆ ಹೇಳಲು ಇರುವ ಸಿಗ್ನಲ್ ಪ್ರೊಕ್‌ಹಾಟ್. ಅದೇ ತಂತಿಯಲ್ಲಿ ಹೊರಗಿನವರೂ ಚಿಪ್‌ಗೆ ನಿಧಾನ ಮಾಡು ಎಂದು ಹೇಳಬಹುದು. ಲ್ಯಾಪ್‌ಟಾಪ್ ತನ್ನ ಅಡಾಪ್ಟರ್ ಗುರುತಿಸದಿದ್ದರೆ, ಬ್ಯಾಟರಿ ಹಾಳಾಗಿದ್ದರೆ, ಬೋರ್ಡ್ ಮೇಲಿನ ಒಂದು ಸೆನ್ಸರ್ ಕೆಟ್ಟಿದ್ದರೆ ಈ ಸಿಗ್ನಲ್ ಬಿಡದೆ ನಿಲ್ಲುತ್ತದೆ. ಆಗ ಚಿಪ್ ತಣ್ಣಗಿದ್ದರೂ ತಳದ ವೇಗದಲ್ಲೇ ಓಡುತ್ತದೆ. ತಣ್ಣಗಿರುವ ಪ್ರೊಸೆಸರ್, ಪೂರ್ತಿ ಲೋಡ್, ಅಲುಗಾಡದ ಕಡಿಮೆ ವೇಗ: ಈ ಮೂರು ಒಟ್ಟಿಗೆ ಕಂಡರೆ ಅಡಾಪ್ಟರ್ ಬದಲಿಸಿ, ಬ್ಯಾಟರಿ ತೆಗೆದು ನೋಡಿ. ಹೆಕ್ಸ್ 1ಎಫ್‌ಸಿ ಎಂಬ ಎಂಎಸ್‌ಆರ್‌ನ (ಚಿಪ್ ಒಳಗಿನ ಕಂಟ್ರೋಲ್ ರಿಜಿಸ್ಟರ್‌ನ) 0ನೇ ಬಿಟ್ ಅಳಿಸಿದರೆ ಚಿಪ್ ಈ ಸಿಗ್ನಲ್ ಕೇಳುವುದನ್ನು ನಿಲ್ಲಿಸುತ್ತದೆ. ಕಾರಣ ಖಚಿತ ಮಾಡಿಕೊಳ್ಳಲು ಅಷ್ಟು ಹೊತ್ತು ಮಾಡಿ ನೋಡುವುದು ಸರಿ. ಅದನ್ನೇ ಬೂಟ್ ಸ್ಕ್ರಿಪ್ಟ್‌ಗೆ ಹಾಕಿ ಬಿಡುವುದು ಸರಿಯಲ್ಲ. ಬೋರ್ಡ್‌ನ ವೋಲ್ಟೇಜ್ ಭಾಗವನ್ನು ಕಾಪಾಡುವ ದಾರಿಯನ್ನೇ ಮುಚ್ಚಿದಂತೆ.

ಗವರ್ನರ್ ತಪ್ಪೋ, ಕೆಳಗಿನವರ ತಪ್ಪೋ?

ಇಡೀ ಹುಡುಕಾಟದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಹೆಜ್ಜೆ ಇದು ಅಂತ ನನ್ನ ಅಭಿಪ್ರಾಯ. ಗವರ್ನರ್ ಅನ್ನು ಯೂಸರ್‌ಸ್ಪೇಸ್‌ಗೆ ಬದಲಿಸಿ. ಇಂಟೆಲ್_ಪಿಸ್ಟೇಟ್ ಆದರೆ ಅದಕ್ಕೆ ಮೊದಲು ಸ್ಟೇಟಸ್ ಫೈಲ್‌ಗೆ ಪ್ಯಾಸಿವ್ ಎಂದು ಬರೆಯಬೇಕು, ಆಗಲೇ ಡ್ರೈವರ್ ಗವರ್ನರ್ ಮಾತು ಕೇಳುವುದು. ಈಗ ವೇಗ ತೀರ್ಮಾನಿಸುವವರು ನೀವೇ. ಒಂದೊಂದೇ ವೇಗವನ್ನು ಸ್ಕೇಲಿಂಗ್_ಸೆಟ್‌ಸ್ಪೀಡ್‌ಗೆ ಬರೆದು, ಲೂಪ್ ಓಡಿಸಿ, ನಿಜವಾದ ವೇಗ ಅಳೆಯಿರಿ. ಕೇಳಿದಷ್ಟು ಸಿಕ್ಕರೆ ಡ್ರೈವರ್‌ನಿಂದ ಕೆಳಗೆ ಎಲ್ಲ ಸರಿ, ದೋಷ ಗವರ್ನರ್ ಅಥವಾ ಶೆಡ್ಯೂಲರ್ ಕಡೆ ಇದೆ. ಸಿಗದಿದ್ದರೆ ಡ್ರೈವರ್ ಕಡೆ ಹೋಗಿ. ಒಂದೇ ಪರೀಕ್ಷೆಗೆ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು.

ಗವರ್ನರ್ ಲೆಕ್ಕದಲ್ಲಿ ಎಷ್ಟು ಸಣ್ಣ ಬದಲಾವಣೆ ಎಷ್ಟು ದೊಡ್ಡ ಹೊಡೆತ ಕೊಡಬಹುದು ಎಂಬುದಕ್ಕೆ 6.8 ಕರ್ನಲ್‌ನ ಉದಾಹರಣೆ ತುಂಬಾ ಚೆನ್ನಾಗಿದೆ. 2024ರ ಜನವರಿಯಲ್ಲಿ ಆ ಆವೃತ್ತಿಗೆ ಹೊಸ ಕೋಡ್ ಸೇರಿಸುವ ಸಮಯದಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಸ್ವಂತ ಥ್ರೆಡ್‌ರಿಪ್ಪರ್ ಮೆಷಿನ್‌ನಲ್ಲೇ ಕರ್ನಲ್ ಬಿಲ್ಡ್ ಸಮಯ ಸುಮಾರು ದುಪ್ಪಟ್ಟಾಯಿತು. ಅವರು ಬೈಸೆಕ್ಟ್ ಮಾಡಿದಾಗ (ಬದಲಾವಣೆಗಳ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಪರೀಕ್ಷಿಸಿದಾಗ) ಬೆರಳು ತೋರಿದ್ದು ಸ್ಕೆಡ್‌ಯೂಟಿಲ್ ಗವರ್ನರ್‌ನ ಲೆಕ್ಕವನ್ನು ಮರುಜೋಡಿಸಿದ ಒಂದು ಬದಲಾವಣೆಯ ಕಡೆಗೆ.

ಆ ಲೆಕ್ಕ ಹೀಗಿದೆ. ಕೋರ್ ಎಷ್ಟು ಬಿಝಿ ಎಂಬುದನ್ನು ಶೆಡ್ಯೂಲರ್ 0ಯಿಂದ 1024ರ ತನಕದ ಸಂಖ್ಯೆಯಾಗಿ ಕೊಡುತ್ತದೆ. ಸ್ಕೆಡ್‌ಯೂಟಿಲ್ ಅದಕ್ಕೆ ಕಾಲು ಭಾಗ ಸೇರಿಸಿ, ಅಂದರೆ 1.25ರಿಂದ ಗುಣಿಸಿ, ಅದಕ್ಕೆ ತಕ್ಕ ವೇಗ ಕೇಳುತ್ತದೆ. ಕೋರ್ ಪೂರ್ತಿ ತುಂಬುವ ಮೊದಲೇ, ಶೇ. 80 ತುಂಬಿದಾಗಲೇ, ತುದಿಯ ವೇಗ ಸಿಗಲಿ ಎಂಬುದು ಉದ್ದೇಶ.

ಈಗ ಮುಖ್ಯ ಮಾತು. ಈ ಬಿಝಿತನವನ್ನು ಯಾವುದಕ್ಕೆ ಹೋಲಿಸಿ ಅಳೆಯುವುದು? ಕೆಲವು ಮೆಷಿನ್‌ಗಳಲ್ಲಿ ತುದಿಯ ವೇಗಕ್ಕೆ ಹೋಲಿಸಿ ಅಳೆಯುತ್ತಾರೆ. 4 ಗಿಗಾಹರ್ಟ್ಸ್ ತುದಿಯ ಕೋರ್ 1 ಗಿಗಾಹರ್ಟ್ಸ್‌ನಲ್ಲಿ ಓಡುತ್ತಾ ಅರ್ಧ ಹೊತ್ತು ಬಿಝಿ ಇದ್ದರೆ ಲೆಕ್ಕ 128. ಇದಕ್ಕೆ ಫ್ರೀಕ್ವೆನ್ಸಿ ಇನ್ವೇರಿಯನ್ಸ್ ಎನ್ನುತ್ತಾರೆ. ಈ ಸೌಲಭ್ಯ ಇಲ್ಲದ ಮೆಷಿನ್‌ಗಳಲ್ಲಿ ಈಗಿನ ವೇಗಕ್ಕೇ ಹೋಲಿಕೆ. ಅದೇ ಕೋರ್, ಅದೇ ಕೆಲಸ, ಲೆಕ್ಕ ಮಾತ್ರ 512. ಎರಡನೆಯ ಬಗೆಯ ಮೆಷಿನ್‌ಗಳಲ್ಲಿ ಗವರ್ನರ್ ಕೂಡ ಈಗಿನ ವೇಗವನ್ನೇ ಆಧಾರವಾಗಿ ಇಟ್ಟುಕೊಂಡು ಮುಂದಿನ ವೇಗ ಲೆಕ್ಕ ಹಾಕುತ್ತದೆ.

ಹಳೆಯ ಕೋಡ್‌ನಲ್ಲಿ ಕಾಲು ಭಾಗ ಸೇರಿಸುವ ಕೆಲಸ ವೇಗದ ಮೇಲೆ ನಡೆಯುತ್ತಿತ್ತು. 2.2 ಗಿಗಾಹರ್ಟ್ಸ್‌ನಲ್ಲಿ ಶೇ. 90 ಬಿಝಿ ಇದ್ದರೆ 2.2 × 1.25 × 0.9, ಸುಮಾರು 2.475. ಈಗಿನ ವೇಗಕ್ಕಿಂತ ಹೆಚ್ಚು, ಹಾಗಾಗಿ ಮೇಲಿನ ಮೆಟ್ಟಿಲು ಸಿಗುತ್ತದೆ. ಹೊಸ ಕೋಡ್ ಕಾಲು ಭಾಗವನ್ನು ಬಿಝಿತನಕ್ಕೆ ಸೇರಿಸಿತು. 922 × 1.25 ಎಂದರೆ ಸುಮಾರು 1152. ಆದರೆ ಅದನ್ನು ವೇಗಕ್ಕೆ ಬದಲಿಸುವ ಮೊದಲೇ 1024ಕ್ಕೆ ಕತ್ತರಿಸಿತು. 1024 ಎಂದರೆ ಪೂರ್ತಿ, ಪೂರ್ತಿ ಎಂದರೆ ಆಧಾರದ ವೇಗ, ಆಧಾರದ ವೇಗ ಎಂದರೆ ಈಗಿನ 2.2. ಕೋರ್ ಎಷ್ಟೇ ಒದ್ದಾಡಿದರೂ ಉತ್ತರ 2.2ನ್ನು ದಾಟುವುದಿಲ್ಲ. ಇಳಿಯಲು ದಾರಿ ಇದೆ, ಏರಲು ಇಲ್ಲ. ತುದಿಯ ವೇಗ ಆಧಾರವಾಗಿರುವ ಮೆಷಿನ್‌ಗಳಲ್ಲಿ ಇದೇ ಕತ್ತರಿಸುವಿಕೆ ಏನೂ ತೊಂದರೆ ಕೊಡಲಿಲ್ಲ. ಅಲ್ಲಿ ತುದಿಯನ್ನು ದಾಟುವ ಅಗತ್ಯವೇ ಇಲ್ಲವಲ್ಲ. ಹೊಸ ಮೆಷಿನ್‌ಗಳಲ್ಲಿ ಮಾತ್ರ ಪರೀಕ್ಷಿಸಿದರೆ ಈ ದೋಷ ಕಣ್ಣಿಗೇ ಬೀಳುವುದಿಲ್ಲ.

ಪರಿಹಾರ ಚಿಕ್ಕದು. ಈಗಿನ ವೇಗ ಆಧಾರವಾಗಿರುವ ಕಡೆ, ಆ ಆಧಾರಕ್ಕೇ ಕಾಲು ಭಾಗ ಸೇರಿಸಿಕೊಳ್ಳುವುದು. 2.2ರ ಬದಲು 2.75 ಆಧಾರವಾದರೆ ಪೂರ್ತಿ ಬಿಝಿ ಕೋರ್‌ಗೆ ಏರುವ ದಾರಿ ಮತ್ತೆ ತೆರೆಯುತ್ತದೆ. 6.8 ಬಿಡುಗಡೆಯಾಗುವ ಮೊದಲೇ ಇದು ಸೇರಿಕೊಂಡಿತು.

ಈ ಕಥೆಯಿಂದ ಎತ್ತಿಕೊಳ್ಳಬೇಕಾದ ಪರೀಕ್ಷೆ ಒಂದಿದೆ. ಗವರ್ನರ್ ಮೇಲೆ ಅನುಮಾನ ಬಂದಾಗ ವೇಗವನ್ನು ತಳಕ್ಕೆ ಇಳಿಸಿ, ಒಂದು ಪೂರ್ತಿ ಲೋಡ್ ಹಚ್ಚಿ, ಸಿಪಿಯು_ಫ್ರೀಕ್ವೆನ್ಸಿ ಟ್ರೇಸ್‌ಪಾಯಿಂಟ್ ನೋಡುತ್ತಾ ಕೂರಿ. ಮೆಟ್ಟಿಲು ಏರಬೇಕು. ಏರದಿದ್ದರೆ, ಲೆಕ್ಕದಲ್ಲಿ ಎಲ್ಲಿ ಕತ್ತರಿ ಬಿದ್ದಿದೆ ಎಂದು ಕಾಗದದ ಮೇಲೆ ಸಂಖ್ಯೆ ಹಾಕಿಕೊಂಡು ನೋಡಿ. ಕೋಡ್ ಓದುವುದಕ್ಕಿಂತ ಒಂದು ನಿಜವಾದ ಸಂಖ್ಯೆಯನ್ನು ಕೈಯಾರೆ ಸಾಗಿಸುವುದು ಬೇಗ ಉತ್ತರ ಕೊಡುತ್ತದೆ. ಸಿಗ್ರೂಪ್‌ನಲ್ಲಿ (ಪ್ರೋಗ್ರಾಮ್‌ಗಳ ಗುಂಪಿಗೆ ಮಿತಿ ಹಾಕುವ ಸೌಲಭ್ಯ) ಯಾರಾದರೂ ಯುಕ್ಲ್ಯಾಂಪ್ ಮೇಲ್ಮಿತಿ ಹಾಕಿದ್ದಾರಾ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಅದೂ ಬಿಝಿತನವನ್ನೇ ಕತ್ತರಿಸುತ್ತದೆ.

ಡ್ರೈವರ್‌ನ ದೋಷಗಳು

ಆರ್ಮ್ ಬೋರ್ಡ್‌ಗಳಲ್ಲಿ ಕೆಲಸ ಮಾಡುವವರಿಗೆ ಇದೇ ಮುಖ್ಯ ಜಾಗ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ಒಪಿಪಿ ಪಟ್ಟಿ ಇರುತ್ತದೆ: ಯಾವ ವೇಗಕ್ಕೆ ಯಾವ ವೋಲ್ಟೇಜ್ ಎಂದು. ಒಂದೇ ಕ್ಲಾಕ್ ಹಂಚಿಕೊಂಡ ಕೋರ್‌ಗಳಾದರೆ ಅಲ್ಲಿ ಒಪಿಪಿ-ಶೇರ್ಡ್ ಎಂಬ ಗುರುತು ಹಾಕಬೇಕು. ಅದು ಬಿಟ್ಟುಹೋದರೆ ಕರ್ನಲ್ ಪ್ರತಿ ಕೋರ್‌ಗೂ ಬೇರೆ ಪಾಲಿಸಿ ಮಾಡುತ್ತದೆ. ಮೊದಲ ಕೋರ್ ಕೆಲಸದಲ್ಲಿದ್ದು 1.8 ಗಿಗಾಹರ್ಟ್ಸ್ ಕೇಳುತ್ತದೆ. ಎರಡನೆಯದು ಬಿಡುವಾಗಿದ್ದು 600 ಮೆಗಾಹರ್ಟ್ಸ್ ಸಾಕು ಎನ್ನುತ್ತದೆ. ಕ್ಲಾಕ್ ಒಂದೇ. ಕೊನೆಗೆ ಮಾತಾಡಿದವರದ್ದೇ ನಡೆಯುತ್ತದೆ. ಕೆಲಸದ ಕೋರ್ 600ರಲ್ಲಿ ತೆವಳುತ್ತದೆ, ಕರ್ನಲ್ ಮಾತ್ರ ಅದು 1.8ರಲ್ಲಿದೆ ಎಂದೇ ನಂಬಿರುತ್ತದೆ. ರಿಲೇಟೆಡ್_ಸಿಪಿಯುಸ್ ಫೈಲ್ ಓದಿ, ಚಿಪ್‌ನ ಕೈಪಿಡಿಯಲ್ಲಿರುವ ಕ್ಲಾಕ್ ಚಿತ್ರದ ಜೊತೆ ತಾಳೆ ನೋಡಿದರೆ ಇದು ನಿಮಿಷದಲ್ಲಿ ಗೊತ್ತಾಗುತ್ತದೆ.

ವೋಲ್ಟೇಜ್ ಮತ್ತು ವೇಗದ ಕ್ರಮ ಇನ್ನೊಂದು. ಏರುವಾಗ ಮೊದಲು ವೋಲ್ಟೇಜ್, ಆಮೇಲೆ ವೇಗ. ಇಳಿಯುವಾಗ ಮೊದಲು ವೇಗ, ಆಮೇಲೆ ವೋಲ್ಟೇಜ್. ಈ ಕ್ರಮ ತಪ್ಪಿದರೆ ಕೆಲವು ಕ್ಷಣ ಚಿಪ್ ಕಡಿಮೆ ವೋಲ್ಟೇಜ್‌ನಲ್ಲಿ ಹೆಚ್ಚು ವೇಗವಾಗಿ ಓಡುತ್ತದೆ. ಪರಿಣಾಮ ವಿಚಿತ್ರ: ಸಂಬಂಧವೇ ಇಲ್ಲದ ಪ್ರೋಗ್ರಾಮ್‌ಗಳು ಸೆಗ್‌ಫಾಲ್ಟ್ ಆಗಿ ನಿಂತುಹೋಗುತ್ತವೆ, ಮೆಷಿನ್ ಯಾವಾಗಲೋ ಹ್ಯಾಂಗ್ ಆಗುತ್ತದೆ. ದೇವ್_ಪಿಎಂ_ಒಪಿಪಿ_ಸೆಟ್_ರೇಟ್ ಬಳಸುವ ಡ್ರೈವರ್‌ಗಳಲ್ಲಿ ಈ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ. ಕೈಯಾರೆ ಬರೆದ ಡ್ರೈವರ್‌ಗಳಲ್ಲಿ ತಪ್ಪು ಜಾಸ್ತಿ.

ಕ್ರಮ ಸರಿ ಇದ್ದರೂ ಸಮಯ ತಪ್ಪಬಹುದು. ವೋಲ್ಟೇಜ್ ಒದಗಿಸುವ ರೆಗ್ಯುಲೇಟರ್ ಹೊಸ ವೋಲ್ಟೇಜ್ ತಲುಪಲು ಹೊತ್ತು ಬೇಕು. ಪ್ರತಿ ಮೈಕ್ರೋಸೆಕೆಂಡ್‌ಗೆ 12500 ಮೈಕ್ರೋವೋಲ್ಟ್ ಏರುವ ರೆಗ್ಯುಲೇಟರ್ 900ರಿಂದ 1100 ಮಿಲಿವೋಲ್ಟ್‌ಗೆ ಹೋಗಲು 16 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಡಿವೈಸ್ ಟ್ರೀಯಲ್ಲಿ ರೆಗ್ಯುಲೇಟರ್-ರ‍್ಯಾಂಪ್-ಡಿಲೇ ಬರೆದಿಲ್ಲದಿದ್ದರೆ, ಡ್ರೈವರ್‌ನಲ್ಲೂ ಅದು ಇಲ್ಲದಿದ್ದರೆ, ಕರ್ನಲ್ ಅಷ್ಟು ಕಾಯುವುದೇ ಇಲ್ಲ.

ಈ ಗುಂಪಿನ ದೋಷಗಳನ್ನು ಬೇರ್ಪಡಿಸುವುದು ಹೀಗೆ. ಚೆಕ್‌ಸಮ್ ಲೆಕ್ಕ ಹಾಕುತ್ತಾ ತನ್ನ ಉತ್ತರವನ್ನು ತಾನೇ ಪರೀಕ್ಷಿಸುವ ಒಂದು ಪ್ರೋಗ್ರಾಮ್ ಓಡಿಸಿ. ಮೊದಲು ತಳದ ವೇಗದಲ್ಲೇ ಕಟ್ಟಿಹಾಕಿ, ಆಮೇಲೆ ತುದಿಯಲ್ಲೇ ಕಟ್ಟಿಹಾಕಿ. ಆಮೇಲೆ ಯೂಸರ್‌ಸ್ಪೇಸ್ ಗವರ್ನರ್‌ನಿಂದ ಎರಡರ ನಡುವೆ ಬೇಗ ಬೇಗ ಓಡಾಡಿಸಿ. ತುದಿಯಲ್ಲಿ ನಿಂತಾಗಲೇ ತಪ್ಪಿದರೆ ಆ ವೇಗಕ್ಕೆ ಕೊಟ್ಟ ವೋಲ್ಟೇಜ್ ಸಾಲದು. ನಿಂತಾಗ ಎರಡೂ ಸರಿ, ಓಡಾಡುವಾಗ ಮಾತ್ರ ತಪ್ಪು ಎಂದರೆ ಕ್ರಮ ಅಥವಾ ಕಾಯುವ ಸಮಯದ ದೋಷ.

ಅಳತೆಯ ಮಾನದ ಗೊಂದಲವೂ ಇದೆ. ಸಿಪಿಯುಫ್ರೀಕ್ ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಕ್ಲಾಕ್ ಮತ್ತು ಒಪಿಪಿ ಪದರಗಳು ಹರ್ಟ್ಸ್‌ನಲ್ಲಿ. ಸಾವಿರದ ಗುಣಾಕಾರ ಬಿಟ್ಟುಹೋದರೆ ಬೇಗ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಓವರ್‌ಫ್ಲೋ. ಕಿಲೋಹರ್ಟ್ಸ್ ಸಂಖ್ಯೆಯನ್ನು 1024ರಿಂದ ಗುಣಿಸಿ 32 ಬಿಟ್‌ನಲ್ಲಿ ಇಟ್ಟರೆ 4194304 ಕಿಲೋಹರ್ಟ್ಸ್, ಅಂದರೆ ಸುಮಾರು 4.19 ಗಿಗಾಹರ್ಟ್ಸ್ ಮುಟ್ಟಿದ ಕೂಡಲೇ ಸಂಖ್ಯೆ ಸುತ್ತಿ ಸೊನ್ನೆಯ ಹತ್ತಿರ ಬರುತ್ತದೆ. 4 ಗಿಗಾಹರ್ಟ್ಸ್ ತನಕ ಎಲ್ಲ ಸರಿ, ಅದರಾಚೆ ವೇಗ ದಿಢೀರ್ ತಳಕ್ಕೆ ಬೀಳುತ್ತದೆ ಎಂದರೆ ಗುಣಾಕಾರದ ವೇರಿಯಬಲ್‌ಗಳ ಟೈಪ್ ನೋಡಿ.

ಫಾಸ್ಟ್ ಸ್ವಿಚ್ ಬಗ್ಗೆ ಒಂದು ಎಚ್ಚರಿಕೆ. ಸ್ಕೆಡ್‌ಯೂಟಿಲ್ ಕೆಲವು ಡ್ರೈವರ್‌ಗಳಿಗೆ ಶೆಡ್ಯೂಲರ್ ಒಳಗಿನಿಂದಲೇ ನೇರವಾಗಿ ವೇಗ ಬದಲಿಸಲು ಹೇಳುತ್ತದೆ. ಅಲ್ಲಿ ನಿದ್ದೆ ಮಾಡುವಂತಿಲ್ಲ, ಅಂದರೆ ಯಾವುದಕ್ಕೂ ಕಾದು ಕೂರುವಂತಿಲ್ಲ. ಒಂದು ರಿಜಿಸ್ಟರ್‌ಗೆ ಬರೆದು ಮುಗಿಸುವ ಡ್ರೈವರ್‌ಗೆ ಇದು ಸರಿ. ನಿಧಾನವಾದ ಐಸ್ಕ್ವೇರ್‌ಸಿ ಬಸ್ ಮೂಲಕ ರೆಗ್ಯುಲೇಟರ್ ಬದಲಿಸುವ ಡ್ರೈವರ್ ಕಾಯಲೇಬೇಕು. ಅಂಥದ್ದು ಫಾಸ್ಟ್_ಸ್ವಿಚ್_ಪಾಸಿಬಲ್ ಎಂದು ಹೇಳಿಕೊಂಡರೆ ಲಾಗ್‌ನಲ್ಲಿ "ಶೆಡ್ಯೂಲಿಂಗ್ ವೈಲ್ ಅಟಾಮಿಕ್" ಎಂಬ ಸಾಲು ಬರುತ್ತದೆ, ಇಲ್ಲವೇ ಮೆಷಿನ್ ಅಲ್ಲೇ ನಿಲ್ಲುತ್ತದೆ. ಡಿಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿ ಕರ್ನಲ್ ಕಟ್ಟಿದರೆ ಬೇಗ ಸಿಗುತ್ತದೆ.

ನಿದ್ದೆಯಿಂದ ಎದ್ದ ಮೇಲೆ ವೇಗ ಹೋಯಿತು

ಸಸ್ಪೆಂಡ್ ಮಾಡಿ ಎಬ್ಬಿಸಿದ ಮೇಲೆ ಮಾತ್ರ ಬರುವ ದೋಷಕ್ಕೆ ಬೇರೆ ಕಾರಣ ಹುಡುಕಬೇಕು. ಎಚ್ಚರಾಗುವಾಗ ಫರ್ಮ್‌ವೇರ್ ತನ್ನ ಬೂಟ್ ವೇಗವನ್ನು ಚಿಪ್‌ಗೆ ಹಾಕಿರುತ್ತದೆ. ಕರ್ನಲ್‌ನ ನೆನಪಿನಲ್ಲಿ ಹಳೆಯ ವೇಗವೇ ಇರುತ್ತದೆ. ಹೆಚ್ಚಿನ ಡ್ರೈವರ್‌ಗಳ ವಿಷಯದಲ್ಲಿ, ಕೇಳಿದ ವೇಗವೂ ನೆನಪಿನಲ್ಲಿರುವ ವೇಗವೂ ಒಂದೇ ಆದರೆ ಸಿಪಿಯುಫ್ರೀಕ್ ಡ್ರೈವರ್‌ನ್ನು ಕರೆಯುವುದೇ ಇಲ್ಲ. ಈಗಾಗಲೇ ಅಲ್ಲೇ ಇದ್ದೇವಲ್ಲ ಎಂದು ಸುಮ್ಮನಾಗುತ್ತದೆ. ಪರ್ಫಾರ್ಮೆನ್ಸ್ ಗವರ್ನರ್ ಇದ್ದರೆ ಇದು ಇನ್ನೂ ಕಷ್ಟ. ಅದು ಯಾವಾಗಲೂ ತುದಿಯನ್ನೇ ಕೇಳುತ್ತದೆ, ಹಾಗಾಗಿ ಬೇಡಿಕೆ ಬದಲಾಗುವುದೇ ಇಲ್ಲ.

ಪರೀಕ್ಷೆ ಸುಲಭ. ಸ್ಕೇಲಿಂಗ್_ಮ್ಯಾಕ್ಸ್_ಫ್ರೀಕ್ ಒಂದು ಮೆಟ್ಟಿಲು ಇಳಿಸಿ, ಮತ್ತೆ ಏರಿಸಿ. ವೇಗ ಮರಳಿ ಬಂದರೆ ನೆನಪಿನ ದೋಷ ಖಚಿತ. ಎಚ್ಚರಾದ ಮೇಲೆ ನಿಜವಾದ ವೇಗವನ್ನು ಹಾರ್ಡ್‌ವೇರ್‌ನಿಂದ ಓದಿ ನೆನಪನ್ನು ಸರಿಮಾಡುವುದು ಪರಿಹಾರ. ಅದಕ್ಕೆ ಡ್ರೈವರ್‌ನಲ್ಲಿ ಗೆಟ್ ಎಂಬ ಫಂಕ್ಷನ್ ಇರಬೇಕು, ಅದು ನೆನಪಿನ ಸಂಖ್ಯೆ ಹೇಳದೆ ನಿಜವಾಗಿ ಕ್ಲಾಕ್ ಓದಬೇಕು. ಕೋರ್‌ಗಳನ್ನು ಆಫ್‌ಲೈನ್ ಮಾಡಿ ಮತ್ತೆ ಆನ್‌ಲೈನ್ ತಂದಾಗಲೂ ಇದೇ ಪರೀಕ್ಷೆ ಮಾಡಿ.

ಬೈಸೆಕ್ಟ್ ಮತ್ತು ಪ್ಯಾಚ್

ಹಿಂದಿನ ಕರ್ನಲ್‌ನಲ್ಲಿ ಸರಿ ಇತ್ತು ಎಂದು ಖಚಿತ ಇದ್ದರೆ ಗಿಟ್ ಬೈಸೆಕ್ಟ್ ಬಳಸಿ. ಆದರೆ ವೇಗದ ದೋಷದಲ್ಲಿ ಒಂದು ಬಲೆ ಇದೆ. ಎರಡು ಆವೃತ್ತಿಗಳ ನಡುವೆ ಡೀಫಾಲ್ಟ್ ಗವರ್ನರ್ ಅಥವಾ ಡ್ರೈವರ್ ಬದಲಾಗಿದ್ದರೆ ಬೈಸೆಕ್ಟ್ ಆ ಬದಲಾವಣೆಯನ್ನೇ ತಪ್ಪಿತಸ್ಥ ಎಂದು ತೋರಿಸುತ್ತದೆ. ಉದಾಹರಣೆಗೆ, 5.7ರಿಂದ ಎಚ್‌ಡಬ್ಲ್ಯೂಪಿ (ಚಿಪ್ ತಾನೇ ವೇಗ ಆರಿಸುವ ಸೌಲಭ್ಯ) ಇಲ್ಲದ ಇಂಟೆಲ್ ಚಿಪ್‌ಗಳಲ್ಲಿ ಇಂಟೆಲ್_ಪಿಸ್ಟೇಟ್ ತಾನಾಗಿ ಪ್ಯಾಸಿವ್ ಮೋಡ್‌ಗೆ ಹೋಗುತ್ತದೆ. ಹಾಗಾಗಿ ಮೋಡ್ ಮತ್ತು ಗವರ್ನರ್ ಎರಡನ್ನೂ ಬೂಟ್ ಸಾಲಿನಲ್ಲೇ ಕಟ್ಟಿಹಾಕಿ. 5.9ರಿಂದ ಸಿಪಿಯುಫ್ರೀಕ್.ಡೀಫಾಲ್ಟ್_ಗವರ್ನರ್ ಎಂಬ ಆಯ್ಕೆ ಇದೆ. ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸುವಾಗ ತೋರಿಸಿದ ವೇಗ ನೋಡಬೇಡಿ, ಲೂಪ್ ಮುಗಿಯಲು ಹಿಡಿದ ಸಮಯ ನೋಡಿ. ವೇಗ ತೋರಿಸುವ ಕೋಡ್ ಕೂಡ ಆವೃತ್ತಿಗಳ ನಡುವೆ ಬದಲಾಗಿರುತ್ತದೆ.

ಪ್ಯಾಚ್ ಬರೆದ ಮೇಲೆ ಅದನ್ನು ಇನ್ವೇರಿಯನ್ಸ್ ಇರುವ ಒಂದು ಮೆಷಿನ್‌ನಲ್ಲೂ ಇಲ್ಲದ ಒಂದರಲ್ಲೂ ಓಡಿಸಿ. ಬಿಡುವಿನಲ್ಲಿ ವೇಗ ತಳಕ್ಕೆ ಇಳಿಯುತ್ತದೆಯೇ ಎಂದೂ ನೋಡಿ. ಏರದ ದೋಷ ಸರಿಮಾಡಲು ಹೋಗಿ ಇಳಿಯದ ದೋಷ ತಂದಿಡುವುದು ಈ ಕೋಡ್‌ನಲ್ಲಿ ಬಹಳ ಸುಲಭ. ಟೈಮ್_ಇನ್_ಸ್ಟೇಟ್ ಫೈಲ್ ಇರುವ ಡ್ರೈವರ್ ಆದರೆ, ಪ್ಯಾಚ್ ಹಾಕುವ ಮೊದಲಿನ ಮತ್ತು ನಂತರದ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಅವನ್ನು ಪ್ಯಾಚ್‌ನ ವಿವರಣೆಯಲ್ಲೂ ಸೇರಿಸಿ. ದೋಷ ತಂದ ಕಮಿಟ್ ಗೊತ್ತಿದ್ದರೆ ಅದರ ಹ್ಯಾಶ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ ಹಾಕಿ ಫಿಕ್ಸಸ್ ಸಾಲು ಬರೆಯಿರಿ. ಹಳೆಯ ಸ್ಟೇಬಲ್ ಕರ್ನಲ್‌ಗಳನ್ನು ನೋಡಿಕೊಳ್ಳುವವರು ಯಾವ ಯಾವ ಆವೃತ್ತಿಗೆ ಈ ಪ್ಯಾಚ್ ಒಯ್ಯಬೇಕು ಎಂದು ತಿಳಿಯುವುದು ಆ ಸಾಲಿನಿಂದ.